ಹನ್ನೆರಡು ಜನರಿಗೂ ಒಂದೇ ಜ್ವರ

ಲುಬಾಸಿ ಹದಿನಾಲ್ಕು ವರ್ಷ ಫುಟ್‌ಬಾಲ್ ಆಡಿ ಹೊಡೆದದ್ದು ನಾಲ್ಕೇ ಗೋಲು. ಜಾಂಬಿಯಾದ ಕಿಟ್ವೆ ಎಂಬ ತಾಮ್ರದ ಗಣಿಯೂರಿನಲ್ಲಿ ಶುರುಮಾಡಿ, ಬೆಲ್ಜಿಯಂನ ಎರಡನೇ ದರ್ಜೆಯ ಕ್ಲಬ್ಬಿನಲ್ಲಿ ಚಳಿ ತಿಂದು, ಕೊನೆಗೆ ಜಪಾನಿನ ಮೂರನೇ ದರ್ಜೆಗೆ ಬಂದು ಮಂಡಿ ಹಾಳುಮಾಡಿಕೊಂಡು ಆಟ ಬಿಟ್ಟ. ಮೈದಾನದ ನಡುವೆ ನಿಂತು ಬೇರೆಯವರಿಗೆ ಚೆಂಡು ಒದಗಿಸುವುದು ಅವನ ಕೆಲಸವಾಗಿತ್ತು. "ಗೋಲು ಹೊಡೆದವನ ಹೆಸರು ಪೇಪರಲ್ಲಿ ಬರುತ್ತೆ. ಅವನಿಗೆ ಪಾಸ್ ಕೊಟ್ಟವನ ಹೆಸರು ಕೆಲವು ಸಲ ಬರುತ್ತೆ. ಆ ಪಾಸ್ ಕೊಟ್ಟವನಿಗೆ ಪಾಸ್ ಕೊಟ್ಟವನು ನಾನು," ಎಂದು ನಗುತ್ತಿದ್ದ.

2021ರಲ್ಲಿ ಅವನು ಯೋಕೋಹಾಮಾದ ಊಟದ ಡಬ್ಬಿಯ ಕಾರ್ಖಾನೆಯೊಂದರಲ್ಲಿ ಅನ್ನದ ಮೇಲೆ ಒಂದೊಂದೇ ಉಪ್ಪಿನಕಾಯಿ ಇಡುತ್ತಿದ್ದ. ಭಾನುವಾರ ನಮಗೆ ಕೋಚ್. ನಾವು ಅಂದರೆ ಹನ್ನೆರಡು ಜನ ಕನ್ನಡದ ಇಂಜಿನಿಯರುಗಳು, ಎಲ್ಲರೂ ನಲವತ್ತರ ಆಸುಪಾಸು, ಎಲ್ಲರಿಗೂ ಹೊಟ್ಟೆ. ನಮ್ಮಿಂದ ಅವನು ಕಲಿತ ಕನ್ನಡ ಎರಡೇ ಪದ: "ಹಿಂದೆ ನೋಡು!" ಚೆಂಡು ಕಾಲಿಗೆ ಬರುವ ಮೊದಲೇ ಒಮ್ಮೆ ಕತ್ತು ತಿರುಗಿಸಿ, ಯಾರು ಎಲ್ಲಿದ್ದಾರೆ ಎಂದು ತಿಳಿದುಕೊಳ್ಳಬೇಕು. ಅವನ ಫುಟ್‌ಬಾಲ್ ಇಷ್ಟೇ.

ದೂರದ ನೋಮಿ ಎಂಬ ಊರಿನ ಮಕ್ಕಳ ಕ್ಲಬ್ಬೊಂದು ಅವನಿಗೆ ಪೂರ್ಣಾವಧಿ ಕೆಲಸ ಕೊಡಲು ಒಪ್ಪಿತ್ತು, ಕೋಚಿಂಗ್ ಲೈಸೆನ್ಸ್ ತಂದರೆ. ಕೊರೋನಾದಿಂದ ಪರೀಕ್ಷೆ ಎರಡು ಸಲ ಮುಂದೆ ಹೋಗಿ, ನವೆಂಬರಿನ ಒಂದು ಭಾನುವಾರಕ್ಕೆ ನಿಂತಿತ್ತು. ಅವನು ತನ್ನ ಆಟಗಾರರಿಗೆ, ಅಂದರೆ ನಮಗೆ, ಮೂವತ್ತು ನಿಮಿಷ ತರಬೇತಿ ಕೊಟ್ಟು ತೋರಿಸಬೇಕು. ಇದೂ ತಪ್ಪಿದರೆ ನೋಮಿ ತಪ್ಪಿತು, ಮತ್ತೆ ಉಪ್ಪಿನಕಾಯಿ.

ಆ ಬೆಳಿಗ್ಗೆ ಪರೀಕ್ಷಕಿ ಮಿಯಾಜಿಮಾ-ಸಾನ್ ಮೈದಾನದ ಗೇಟಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದರು. ತಂಡದ ಕಾಗದಪತ್ರಗಳೆಲ್ಲ ನನ್ನ ಜವಾಬ್ದಾರಿ.

"ಸುಮಿಮಾಸೆನ್, ಕ್ಷಮಿಸಿ, ರಘುನಂದನ್-ಸಾನ್. ನಿಮ್ಮ ತಂಡದಲ್ಲಿ ಒಗ್ಗಟ್ಟು ತುಂಬಾ ಇದೆ."

ಅವರ ಕೈಯಲ್ಲಿದ್ದದ್ದು ನಾನು ಮೂಲೆಯ ಕೊಂಬಿನಿ ಅಂಗಡಿಯಲ್ಲಿ ಆಗಷ್ಟೇ ಪ್ರಿಂಟ್ ತೆಗೆದು ಕೊಟ್ಟಿದ್ದ ಹಾಳೆ: ಪ್ರತಿಯೊಬ್ಬ ಆಟಗಾರನ ಹದಿನಾಲ್ಕು ದಿನಗಳ ಮೈ ಉಷ್ಣತೆ. ಹನ್ನೆರಡು ಜನರ ಜ್ವರವೂ ದಿನಕ್ಕೆ 0.1ರಂತೆ ಒಟ್ಟೊಟ್ಟಿಗೆ ಏರಿ, ಆ ದಿನಕ್ಕೆ ಸರಿಯಾಗಿ 37.7 ಮುಟ್ಟಿತ್ತು. 37.5 ಮುಟ್ಟಿದವರಿಗೆ ಮೈದಾನದೊಳಗೆ ಪ್ರವೇಶವಿಲ್ಲ.

ನಿಜ ಹೇಳಬೇಕೆಂದರೆ ನಾವು ಯಾರೂ ಥರ್ಮಾಮೀಟರ್ ಮುಟ್ಟಿರಲಿಲ್ಲ. ಎಲ್ಲ ದಿನಕ್ಕೂ ಒಂದೇ ಅಂಕಿ ಹಾಕಿದರೆ ಸುಳ್ಳೆಂದು ಗೊತ್ತಾಗುತ್ತದೆ ಎಂದು ನಾನು ಜಾಣತನ ತೋರಿಸಿ, ಮೊದಲ ದಿನಕ್ಕೆ 36.4, ಎರಡನೇ ದಿನಕ್ಕೆ 36.5 ಬರೆದು, ಎರಡೂ ಚೌಕಗಳನ್ನು ಹಿಡಿದು ಮೌಸಿನಿಂದ ಕೆಳಗೆ ಎಳೆದಿದ್ದೆ. ಉಳಿದದ್ದನ್ನು ಎಕ್ಸೆಲ್ ತಾನೇ ಏರಿಸಿಕೊಂಡು ಹೋಗಿತ್ತು. ಕೆಳಗಿನ ಸಾಲುಗಳನ್ನು ನಾನು ನೋಡಿರಲೇ ಇಲ್ಲ.

"ಹದಿನೈದು ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡ್ತಿದೀಯಲ್ಲೋ ಗುರೂ!" ಎಂದ ನಮ್ಮ ಗೋಲ್‌ಕೀಪರ್ ಶ್ರೀಕಂಠ. "ಇನ್ನೊಂದ್ ವಾರ ಎಳ್ದಿದ್ರೆ ಎಲ್ರೂ ಐಸಿಯುನಲ್ಲಿ ಇರ್ತಿದ್ವಿ." ಆಮೇಲೆ ದನಿ ತಗ್ಗಿಸಿ, "ಎಕ್ಸೆಲ್ ಎರರ್ ಅಂದ್ಬಿಡು," ಎಂದ.

ಅಂದುಬಿಡುತ್ತಿದ್ದೆನೇನೋ. ಅಷ್ಟರಲ್ಲಿ ಲುಬಾಸಿ ತನ್ನ ಹಳೆಯ ನೋಟ್‌ಬುಕ್ ತೆಗೆದು ಪರೀಕ್ಷಕಿಗೆ ಕೊಟ್ಟ. ಮೊದಲ ಪಂದ್ಯದಿಂದ ಅವನು ಬರೆದಿಡುತ್ತಾ ಬಂದ ನೋಟ್‌ಬುಕ್‌ಗಳಲ್ಲಿ ಇದು ಹನ್ನೊಂದನೆಯದು. ಮಳೆ ಬಂತೇ, ಹುಲ್ಲು ಹೇಗಿತ್ತು, ಎಷ್ಟು ಸಲ ಹಿಂದೆ ನೋಡಿದೆ. ಕೊನೆಯ ಹಾಳೆಗಳಲ್ಲಿ ತನ್ನ ಹದಿನಾಲ್ಕು ದಿನಗಳ ಮೈ ಉಷ್ಣತೆ, ದಿನಕ್ಕೊಂದು ಬಣ್ಣದ ಪೆನ್ನಿನಲ್ಲಿ. ಅದನ್ನು ನೋಡಿದ ಮೇಲೆ ನನ್ನ ಬಾಯಿಗೆ ಸುಳ್ಳು ಬರಲಿಲ್ಲ.

"ನಾವು ಅಳೆದೇ ಇಲ್ಲ. ಅಂಕಿ ಬರೆದವನು ನಾನು," ಎಂದು ಸೊಂಟ ಬಗ್ಗಿಸಿ ನಿಂತೆ.

"ಹೇಳಿದ್ದಕ್ಕೆ ಅರಿಗಾತೋ. ಹಾಗಾದರೆ ಲುಬಾಸಿ-ಸಾನ್ ಒಬ್ಬರೇ ಒಳಗೆ ಬರಬಹುದು," ಎಂದರು ಅವರು. "ಆದರೆ ಕನಿಷ್ಠ ಎಂಟು ಆಟಗಾರರು ಬೇಕು. ಹತ್ತೂವರೆಯವರೆಗೆ ಕಾಯುತ್ತೇನೆ."

ಲುಬಾಸಿ ನನ್ನನ್ನು ಬೈಯಲಿಲ್ಲ. ಒಬ್ಬನೇ ಒಳಗೆ ಹೋಗಿ ಕಿತ್ತಳೆ ಬಣ್ಣದ ಕೋನುಗಳನ್ನು ಸಾಲಾಗಿ ಇಡತೊಡಗಿದ. ಬೈದಿದ್ದರೆ ಚೆನ್ನಾಗಿತ್ತು.

ಗೇಟಿನ ಹೊರಗಿನ ಪಾರ್ಕಿನಲ್ಲಿ ನಮ್ಮ ಜೊತೆ ಬಂದಿದ್ದ ಒಂಬತ್ತು ಮಕ್ಕಳು ಜಾರುಬಂಡೆ ಆಡುತ್ತಿದ್ದರು. ನನ್ನ ಒಂಬತ್ತು ವರ್ಷದ ತಾರಾ ಓಡಿಬಂದಳು.

"ಅಪ್ಪಾ, ನೀನು ಟೆಂಪರೇಚರ್ ಬರ್ದಿಲ್ವಾ? ದಾಮೆ! ನಮ್ಮ ಸ್ಕೂಲ್ ಸೆನ್ಸೇ ಆಗಿದ್ರೆ ಯು ಗೋ ಹೋಮ್."

ಸ್ಕೂಲಿನ ಕಾರ್ಡು! ಪ್ರತಿದಿನ ಬೆಳಿಗ್ಗೆ ಜ್ವರ ನೋಡಿ ಬರೆದು, ಅಮ್ಮನ ಸಹಿ ಹಾಕಿಸಿ ಒಯ್ಯದಿದ್ದರೆ ಮಕ್ಕಳನ್ನು ಬಾಗಿಲಲ್ಲೇ ತಡೆಯುತ್ತಾರೆ.

"ತಾರಾ, ಭಾನುವಾರವೂ ಬರೀತೀರಾ?"

"ಆಫ್‌ಕೋರ್ಸ್."

ಹೆಂಡತಿ ಸಿಂಧೂರಾಗೆ ಫೋನ್ ಮಾಡಿ, ಎಲ್ಲ ಮಕ್ಕಳ ಕಾರ್ಡು ತರಲು ಹೇಳಿದೆ.

"ಅಂದ್ರೆ ಈಗ ನಾನು ಎಂಟು ಮನೆ ಬೆಲ್ ಮಾಡ್ಬೇಕು, ಅಲ್ವಾ?" ಎಂದಳು. "ಒಲೆ ಮೇಲೆ ಉಪ್ಪಿಟ್ಟಿದೆ ಕಣ್ರೀ!"

ಹತ್ತು ಇಪ್ಪತ್ತೈದಕ್ಕೆ ಅವಳ ಸೈಕಲ್ ಬಂತು, ಬುಟ್ಟಿಯಲ್ಲಿ ಒಂಬತ್ತು ಕಾರ್ಡು. 36.2, 36.8, 36.1. ಮಿಯಾಜಿಮಾ-ಸಾನ್ ಒಂದೊಂದನ್ನೂ ಓದಿ, ನಿಯಮದ ಪುಸ್ತಕ ತೆಗೆದು, ಒಂದು ಪುಟವನ್ನು ಎರಡು ಸಲ ಓದಿದರು.

"'ಕನಿಷ್ಠ ಎಂಟು ಆಟಗಾರರು' ಎಂದಿದೆ. ವಯಸ್ಸು ಬರೆದಿಲ್ಲ. ಲುಬಾಸಿ-ಸಾನ್, ಇವರು ನಿಮ್ಮ ಆಟಗಾರರೇ?"

ಲುಬಾಸಿ ಸಾಲಾಗಿ ನಿಂತ ಒಂಬತ್ತು ಮಾಸ್ಕುಗಳನ್ನು ನೋಡಿದ. "ಈಗಿನಿಂದ."

ಕೊರೋನಾ ನಿಯಮದಂತೆ ಕೂಗುವಂತಿರಲಿಲ್ಲ. ಹಾಗಾಗಿ ಅವನು ಮಕ್ಕಳ ಬೆನ್ನ ಹಿಂದೆ ನಡೆಯುತ್ತಾ ಒಮ್ಮೆ ಎರಡು, ಒಮ್ಮೆ ಮೂರು ಬೆರಳೆತ್ತಿ ತೋರಿಸುತ್ತಿದ್ದ. ಚೆಂಡು ಬರುವ ಮೊದಲೇ ಹಿಂದೆ ನೋಡಿ, ಅಷ್ಟೇ ಬೆರಳೆತ್ತಿದವರಿಗೆ ಮಾತ್ರ ಒದೆಯುವ ಹಕ್ಕು. ಹತ್ತು ನಿಮಿಷದಲ್ಲಿ ಒಂಬತ್ತು ಕತ್ತುಗಳು ಗುಬ್ಬಚ್ಚಿಗಳಂತೆ ತಿರುಗುತ್ತಿದ್ದವು. ಒಂದು ವರ್ಷದಿಂದ ನಮಗೆ ಬಾರದ್ದು! ಕೊನೆಯಲ್ಲಿ ಒಂದು ಗೋಲೂ ಬಂತು. ಹೊಡೆದದ್ದು ತಾರಾ ಅಲ್ಲ, ಪಾಸ್ ಕೊಟ್ಟದ್ದೂ ಅವಳಲ್ಲ. ಅದಕ್ಕೂ ಹಿಂದಿನದು ಅವಳದು. ಬಲೆಯಾಚೆ ನಿಂತ ನಾವು ಹನ್ನೆರಡು ಜನವೂ ಅಂಗೈ ಕೆಂಪಾಗುವಷ್ಟು ಚಪ್ಪಾಳೆ ತಟ್ಟಿದೆವು.

ಮಿಯಾಜಿಮಾ-ಸಾನ್ ಹಾಳೆಗೆ ಸೀಲು ಒತ್ತಿ, "ನೋಮಿಯಲ್ಲಿ ಹಿಮ ಜಾಸ್ತಿ, ಒಳ್ಳೆಯ ಬೂಟು ತೆಗೆದುಕೊಳ್ಳಿ," ಎಂದರು.

ಲುಬಾಸಿ ಮಾಸ್ಕಿನೊಳಗೇ ನಕ್ಕದ್ದು ಅವನ ಕಿವಿಗಳಲ್ಲಿ ಕಂಡಿತು.

"ಕೋಚ್ ಹೊರಟ್ರೆ ನಮ್ ಗತಿ ಏನ್ರೋ?" ಎಂದ ಶ್ರೀಕಂಠ.

ತಾರಾ ಅವನ ಹೊಟ್ಟೆಯನ್ನೊಮ್ಮೆ, ಮುಖವನ್ನೊಮ್ಮೆ ನೋಡಿದಳು.

"ನಾನ್ ಹೇಳ್ಕೊಡ್ತೀನಿ ಅಂಕಲ್. ಫಸ್ಟ್ ಟೆಂಪರೇಚರ್."