ಗುನ್‌ವೋರ್ ಕಾಲಿಗೆ ಮೆತ್ತಿದ ಗುಡ್ಡ

ಇದರಲ್ಲಿ ಒಂದೇ ಒಂದು ಮಾತು ಸುಳ್ಳಿದ್ರೂ ನನ್ನ ಮೀಸೆ ಹೆಪ್ಪುಗಟ್ಟಿ ಉದುರಿಹೋಗ್ಲಿ. ನಡೆದದ್ದು ನಾರ್ವೆಯಲ್ಲಿ, ವಿಶ್ವ ಚಾಂಪಿಯನ್‌ಶಿಪ್ಪಿನ ಹೆಂಗಸರ ಸ್ಕೀ ಓಟದ ದಿನ.

ಗುನ್‌ವೋರ್‌ಗೆ ಅವತ್ತು ಬೇಕಾಗಿದ್ದು ಒಂದೇ, ಸಿನ್ನೋವೆಗಿಂತ ಮುಂಚೆ ಗೆರೆ ಮುಟ್ಟೋದು. ಇಬ್ಬರದ್ದೂ ಒಂದೇ ತಂಡ. ಶನಿವಾರದ ರಿಲೇಯಲ್ಲಿ ಉಳಿದಿದ್ದು ಒಂದೇ ಜಾಗ, ಇವತ್ತು ಯಾರು ಮುಂದೋ ಅವರಿಗೆ. ಸಿನ್ನೋವೆ ಇನ್ನೂ ಹುಡುಗಿ, ಅವಳಿಗೆ ಬೇಕಾದಷ್ಟು ಚಳಿಗಾಲ ಬಾಕಿ ಇದೆ. ಗುನ್‌ವೋರ್‌ಗೆ ಇದೇ ಕೊನೇದು.

ಬೆಳಿಗ್ಗೆಯಿಂದ ಹಸಿ ಹಿಮ ಬೀಳ್ತಿತ್ತು. ಸ್ಕೀ ತಳಕ್ಕೆ ಮೇಣ ಹಚ್ಚೋ ಓಸ್ಮುಂಡ್ ಹತ್ರ ಹೋಗಿ, "ಇವತ್ತು ಮೇಣ ಬೇಡ ಕಣೋ. ಈ ಹಿಮಕ್ಕೆ ತಳಕ್ಕೆ ಬರೀ ಉಪ್ಪುಕಾಗದ ಉಜ್ಜಿದ ಸ್ಕೀ ಜೋಡಿ ಸಾಕು" ಅಂದ್ಲು.

ಓಸ್ಮುಂಡ್ ಮುಖ, ಯಾರೋ ಅವನ ತಾಯಿಗೆ ಬೈದ ಹಾಗಾಯ್ತು. "ಮೇಣ ಇಲ್ದೆ? ಸ್ವೀಡನ್ನಿನವರು ನೋಡಿದ್ರೆ ನಮ್ಮ ಮುಖಕ್ಕೆ ಉಗೀತಾರೆ. ನಮ್ಮಪ್ಪ ಸಾಯೋವಾಗ್ಲೂ ಉಗುರಲ್ಲಿ ಮೇಣ ಇತ್ತು ಕಣೇ!"

ಸತ್ತವರ ಜೊತೆ ಯಾರು ವಾದ ಮಾಡ್ತಾರೆ? ಮೇಣದ ಜೋಡೀನೇ ಕಟ್ಕೊಂಡು ಹೊರಟ್ಲು.

ಮೊದಲ ಏರಲ್ಲೇ ಸ್ಕೀ ತಳದ ಮೇಣಕ್ಕೆ ಹಿಮ ಮೆತ್ಕೊಳ್ಳೋಕೆ ಶುರು. ಹೆಜ್ಜೆಗೊಂದು ಪದರ. ಸ್ವಲ್ಪ ಹೊತ್ತಿಗೆ ಜನರ ತಲೆ ಮೇಲಿಂದ ಆಚೆ ನೋಡ್ತಿದ್ಲು. ಇನ್ನೊಂದು ತಿರುವಿಗೆ, ಮರದ ತುದೀಲಿ ಕೂತಿದ್ದ ಕಾಗೆ ಸರಿದು ಜಾಗ ಬಿಡ್ತು.

ಆಗ ಸಿನ್ನೋವೆ ಸರ್ರಂತ ದಾಟಿ ಹೋದ್ಲು. ಹಿಮ್ಮಡಿ ಎದ್ದಾಗ ಅವಳ ಸ್ಕೀ ತಳ ಕಾಣ್ತು. ಮೇಣ ಇಲ್ಲ! ನೀಟಾಗಿ ಉಪ್ಪುಕಾಗದ ಉಜ್ಜಿದ ತಳ.

ಗುನ್‌ವೋರ್‌ಗೆ ಮೈ ಉರಿದ ಉರಿಗೆ, ದಾರಿ ಪಕ್ಕ ಟೆಂಟ್ ಹಾಕ್ಕೊಂಡು ಕೂತಿದ್ದವರು ಅವಳ ಕಡೆ ಕೈ ಚಾಚಿ ಚಳಿ ಕಾಯಿಸ್ಕೊಂಡ್ರು. ಒಬ್ಬ ಅಜ್ಜಿ ಕಂದು ಚೀಸ್ ಹೆರೀತಿದ್ಲು.

"ಅಜ್ಜೀ, ಆ ಹೆರೆಯೋದು ಕೊಡಿ!"

"ಅಯ್ಯೋ ಮಗಳೇ, ನನ್ನ ಮದುವೆಗೆ ಬಂದ ಉಡುಗೊರೆ."

"ನಿಮ್ಮ ಮದುವೆಗೆ ಬೆಂಕಿ ಬೀಳ್ಲಿ!"

"ಅದು ಯಾವತ್ತೋ ಬಿದ್ದಾಯ್ತು, ತಗೋ."

ಕೂತು ಸ್ಕೀ ತಳದ ಹಿಮ, ಮೇಣ ಎಲ್ಲಾ ಕೆರೆದ್ಲು. ತೀರ್ಪುಗಾರ ಬಂದು ಬಗ್ಗಿ ನೋಡಿದ. ಬೇರೆಯವರು ಸ್ಕೀ ಮುಟ್ಟಬಾರದು ಅಂತ ನಿಯಮ ಇದೆ, ಚೀಸ್ ಹೆರೆಯೋ ಸಾಮಾನಿನ ಬಗ್ಗೆ ಏನೂ ಇಲ್ಲ. ಒಂದು ಚೂರು ಚೀಸ್ ಬಾಯಿಗೆ ಹಾಕ್ಕೊಂಡು ಹೋದ.

ಆಮೇಲೆ ಅವಳು ಓಡಿದ್ದನ್ನ ಓಟ ಅನ್ನೋಕಾಗಲ್ಲ. ಫಿನ್‌ಲೆಂಡಿನವರನ್ನ ದಾಟಿದ್ಲು, ಸ್ವೀಡನ್ನಿನವರನ್ನ ದಾಟಿದ್ಲು, ಬೆದರಿ ಓಡ್ತಿದ್ದ ಒಂದು ಹಿಮಸಾರಂಗವನ್ನೂ ದಾಟಿದ್ಲು. ಸಿನ್ನೋವೆ ಮಾತ್ರ ಒಂದು ಗೇಣು ಮುಂದೆ ಗೆರೆ ಮುಟ್ಟಿದ್ಲು.

ಗುನ್‌ವೋರ್ ಸೀದಾ ಓಸ್ಮುಂಡ್ ಮೇಣ ಹಚ್ಚೋ ಕೋಣೆಗೆ ನುಗ್ಗಿದ್ಲು. "ಅವಳಿಗೆ ಮಾತ್ರ ಮೇಣ ಇಲ್ದಿರೋ ಜೋಡಿ ಯಾಕೋ ಕೊಟ್ಟೆ?"

"ಅತ್ಲು ಕಣೇ. ಹಠ ಮಾಡಿದ್ಲು. ನೀನಾದ್ರೆ ತಿಳಿದವಳು, ಹೇಳಿದ್ದು ಕೇಳ್ತೀಯ."

"ಕೇಳಿದ್ದಕ್ಕೆ ಇದಾ? ನನ್ನ ಕೊನೇ ಓಟ ಕಣೋ, ದರಿದ್ರದವನೇ!"

"ಬಾ, ಕೂತ್ಕೋ, ಕಾಫಿ ಕುಡಿ. ಈಗ ನೋಡು, ಶನಿವಾರ ಸಿನ್ನೋವೆ ಸ್ಕೀ ಪರೀಕ್ಷೆ ಮಾಡೋಕೆ ಒಬ್ಬರು ಬೇಕು. ನಿನ್ನಷ್ಟು ಹಿಮ ಗೊತ್ತಿರೋರು ಇನ್ಯಾರಿದಾರೆ? ಬೆಳಿಗ್ಗೆ ಬೇಗ ಬಂದು ನೀನೇ ಒಂದೆರಡು ಸುತ್ತು ಹೊಡೆದು, ಅವಳಿಗೆ ಯಾವ ಜೋಡಿ ಸರಿಹೋಗುತ್ತೆ ಅಂತ ಸ್ವಲ್ಪ..."

ಗುನ್‌ವೋರ್ ಹಿಂದೆ ಬಾಗಿಲು ದಡಾರ್ ಅಂತ ಬಡ್ಕೊಳ್ತು.