ಟೈಲರಕ್ಕನ ಮನೆಗೆ ಬಂದ ದೊರೆಸಾನಿ

ಇಲಿ ಕಾಟ ಇಲ್ಲದ ಮನೆ ಯಾವುದಿದೆ ಹೇಳಿ? ಟೈಲರಕ್ಕನ ಮನೆಯಲ್ಲಂತೂ ಇಲಿಗಳದೇ ದರ್ಬಾರು. ಹಳೆಯ ಮನೆ, ಹಲಗೆಯ ನೆಲ, ಹಲಗೆ ಹಲಗೆಯ ಸಂದಿನಲ್ಲೂ ಒಂದೊಂದು ಸಂಸಾರ. ಮುಂದಿನ ಕೋಣೆಯೇ ಹೊಲಿಗೆ ಅಂಗಡಿ. ಗಿರಾಕಿಗಳ ಬಟ್ಟೆ ಮೂಲೆಯಲ್ಲಿ ರಾಶಿ ಬಿದ್ದಿರುತ್ತಿತ್ತು. ಒಂದು ಬೆಳಿಗ್ಗೆ ನೋಡಿದರೆ ಯಾರದೋ ಹೊಸ ಕೋಟಿನ ತೋಳಿಗೆ ದೊಡ್ಡ ತೂತು. ಆ ಗಿರಾಕಿಯ ಬಾಯಿಗೆ ಸಿಕ್ಕು ಟೈಲರಕ್ಕ ಹೈರಾಣಾದಳು.

"ಪಾಷಾಣ ಇಡು," ಎಂದರು ಅತ್ತೆ.

"ಅಂಬೆಗಾಲಿಡೋ ಮಗು ಇದೆ ಅತ್ತೆ, ಪಾಷಾಣ ಬೇಡ. ಬೆಕ್ಕು ತರ್ತೀನಿ."

"ಸರಿಹೋಯ್ತು. ಇಲಿ ಬಟ್ಟೆ ತಿನ್ನತ್ತೆ, ಬೆಕ್ಕು ಅನ್ನ ತಿನ್ನತ್ತೆ. ನಮಗೆ ಏನುಳಿಯತ್ತೆ?"

ಆದರೂ ಟೈಲರಕ್ಕ ಹೊರಟಳು. ಬೀದಿಗೆ ಬಿದ್ದ ಬೆಕ್ಕು, ನಾಯಿಗಳನ್ನು ಕಾಪಾಡಿ, ಸಾಕುತ್ತೇವೆ ಎಂದವರಿಗೆ ಕೊಡುವ ಸಂಘವೊಂದು ಊರಾಚೆ ಇತ್ತು. ಒಳ್ಳೆಯ ಮನಸ್ಸಿನ ಜನ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಕಾರುಬಾರು ನೋಡಬೇಕಿತ್ತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಹಾಗೆ. ಒಬ್ಬರು ಮರಿಗೆ ಬಾಟಲಿ ಹಿಡಿದುಕೊಂಡೇ ಫೋನಿನಲ್ಲಿ ಜಗಳವಾಡುತ್ತಿದ್ದರು. ಇನ್ನೊಬ್ಬರು ಗೂಡಿನ ಬೀಗದ ಕೈ ಹುಡುಕುತ್ತಿದ್ದರು. ನಾಯಿಗಳ ಬೊಗಳಾಟಕ್ಕೆ ಸೂರು ಹಾರಿಹೋಗುವಂತಿತ್ತು. ಆ ಗದ್ದಲದ ನಡುವೆ ಕಿಟಕಿಯ ಕಟ್ಟೆಯ ಮೇಲೆ ಒಂದು ಬಿಳಿ ಬೆಕ್ಕು, ತನಗೂ ಲೋಕಕ್ಕೂ ಸಂಬಂಧವೇ ಇಲ್ಲವೆಂಬಂತೆ ಕೂತಿತ್ತು. ಅದರ ಕಣ್ಣು ತಿಳಿನೀಲಿ. ಟೈಲರಕ್ಕ ನೋಡುತ್ತಲೇ ನಿಂತುಬಿಟ್ಟಳು.

"ಇವಳು ರಾಣಿ," ಎಂದರು ಕನ್ನಡಕ ಹಾಕಿದ್ದ ಕಾರ್ಯಕರ್ತೆ. "ಕರೆದ್ರೆ ಓಡಿ ಬರ್ತಾಳೆ. ಹೊರಗೆ ಬಿಟ್ರೂ ಪರವಾಗಿಲ್ಲ, ಕೂಗಿದ್ರೆ ವಾಪಸ್ಸು ಬರ್ತಾಳೆ."

"ಲಸಿಕೆ ಆಗಿದ್ಯಾ?"

"ಆಗಿದೆ," ಎಂದರು ಅವರು. "ಇಲ್ಲ, ಮುಂದಿನ ವಾರ ಇರೋದು," ಎಂದರು ಬಾಟಲಿಯವರು. "ಅದು ಕಂದು ಬೆಕ್ಕಿಗಲ್ವಾ?" ಎಂದರು ಬೀಗದ ಕೈಯವರು.

ಅಲ್ಲೇ ನಿಂತು ಬಿಡಿಸಿ ವಿಚಾರಿಸಬೇಕಿತ್ತು. ಟೈಲರಕ್ಕ ಸುಮ್ಮನಾದಳು. ಪುಕ್ಕಟೆಯಾಗಿ ಕೊಡುವವರನ್ನು ಹೆಚ್ಚು ಕೆದಕಬಾರದು ಎಂಬ ಸಂಕೋಚ ನಮಗೆಲ್ಲ ಇರುತ್ತದಲ್ಲ, ಅದೇ. ಬುಟ್ಟಿಯಲ್ಲಿ ಬೆಕ್ಕನ್ನು ಹಾಕಿಕೊಂಡು ಮನೆಗೆ ಬಂದಳು.

ಮೊದಮೊದಲು ಬೆಕ್ಕು ಬೀರುವಿನ ಅಡಿ ಸೇರಿತು. "ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ?" ಎಂದಳು ಟೈಲರಕ್ಕ. ನಿಜ, ಆಮೇಲೆ ಹೊರಬಂತು, ಮನೆಯೆಲ್ಲ ಓಡಾಡಿತು, ಹೊಲಿಗೆ ಯಂತ್ರದ ಕಾಲಿಗೆ ಮೈ ಒತ್ತಿಕೊಂಡು ಮಲಗುವುದನ್ನೂ ಕಲಿತಿತು. ಆದರೆ ಎಷ್ಟು ಕರೆದರೂ ತಿರುಗಿ ನೋಡುತ್ತಿರಲಿಲ್ಲ.

"ಕೋಣನ ಮುಂದೆ ಕಿನ್ನರಿ ಬಾರಿಸ್ತಾ ಇದ್ದೀಯ," ಎಂದರು ಅತ್ತೆ. "ರಾಣಿಯಲ್ಲ ಕಣೆ ಇದು, ದೊರೆಸಾನಿ. ಕತ್ತು ತಿರುಗಿಸಿದ್ರೆ ಕಿರೀಟ ಬಿದ್ದುಹೋಗತ್ತೆ."

ಟೈಲರಕ್ಕ ಸಂಘಕ್ಕೆ ಫೋನ್ ಮಾಡಿದಳು. ಎತ್ತಿದ್ದು ಬೇರೆ ಯಾರೋ. "ಮನೆಯೊಳಗೆ ಕೂಡಿಹಾಕಿದ್ರೆ ಹಾಗೇ ಆಗೋದು. ಹೊರಗೆ ಬಿಡಿ, ಸರಿಹೋಗತ್ತೆ," ಎಂದು ಇಟ್ಟುಬಿಟ್ಟರು.

ಅಷ್ಟು ಕೇಳಿದ್ದೇ ತಡ, ಅತ್ತೆ ಬಾಗಿಲು ತೆಗೆದರು. ದೊರೆಸಾನಿ ಮೆಟ್ಟಿಲಿಳಿದು ಬೀದಿಯ ನಡುವೆ ಹೋಗಿ ಕೂತು ಮುಖ ತೊಳೆದುಕೊಳ್ಳತೊಡಗಿತು. ಸಾಮಾನು ಇಳಿಸಲು ಬಂದ ಲಾರಿಯೊಂದು ಹಾರ್ನ್ ಹೊಡೆಯುತ್ತಾ ಹಿಂದಕ್ಕೆ ಬರುತ್ತಿತ್ತು. ಬೀದಿಯ ಮಂದಿಯೆಲ್ಲ ಕೂಗಿದರು. ಬೆಕ್ಕು ನಿಧಾನವಾಗಿ ಕಾಲು ನೆಕ್ಕುತ್ತಲೇ ಇತ್ತು. ಟೈಲರಕ್ಕ ಕೈಯಲ್ಲಿದ್ದ ಕತ್ತರಿ ಎಸೆದು ಓಡಿ, ಚಕ್ರದ ಮುಂದಿನಿಂದ ಅದನ್ನು ಬಾಚಿಕೊಂಡಳು. ಅವಳ ಎದೆ ಡವಗುಟ್ಟುತ್ತಿತ್ತು. ತೋಳಿನಲ್ಲಿದ್ದ ಬೆಕ್ಕಿಗೆ ಏನೂ ಆದಂತಿರಲಿಲ್ಲ.

ನೇರವಾಗಿ ಪಶು ಆಸ್ಪತ್ರೆಗೆ ಹೋದಳು. ಅತ್ತೆಯೂ ಊರುಗೋಲು ಹಿಡಿದು ಹಿಂದೆಯೇ ಬಂದರು. ತಪ್ಪು ತಮ್ಮದೆಂದು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಮುಖ ಸಪ್ಪಗಾಗಿತ್ತು.

ಡಾಕ್ಟರಮ್ಮ ಬೆಕ್ಕಿನ ಹಿಂದೆ ನಿಂತು ಸ್ಟೀಲ್ ಬಟ್ಟಲನ್ನು ಚಮಚದಿಂದ ಬಡಿದರು. ಅತ್ತೆ ಬೆಚ್ಚಿದರು. ಬೆಕ್ಕು ಕದಲಲಿಲ್ಲ.

"ಇವಳಿಗೆ ಕಿವಿ ಕೇಳಿಸಲ್ಲ ಅಕ್ಕ, ಹುಟ್ಟಿನಿಂದಲೇ ಇರಬೇಕು. ಬಿಳಿ ಮೈ, ನೀಲಿ ಕಣ್ಣು ಇರೋ ಬೆಕ್ಕುಗಳಲ್ಲಿ ಎಷ್ಟೋ ಹೀಗಿರ್ತವೆ. ಒಂಟಿಯಾಗಿ ಬೀದಿಗೆ ಬಿಡಲೇಬೇಡಿ. ಲಸಿಕೆ ಆಗಿದ್ಯಾ?"

"ಒಬ್ಬರು ಆಗಿದೆ ಅಂದ್ರು, ಒಬ್ಬರು ಇಲ್ಲ ಅಂದ್ರು."

"ಖಾತ್ರಿ ಇಲ್ಲ ಅಂದ್ರೆ ಆಗಿಲ್ಲ ಅಂತಲೇ ತಿಳ್ಕೊಳ್ಳೋದು. ಇವತ್ತೇ ಶುರು ಮಾಡೋಣ. ಮರಿ ಆಗದಂತೆ ಆಪರೇಷನ್ ಆಗಿದ್ಯಾ ಅಂತಲೂ ನೋಡ್ತೀನಿ."

ಅತ್ತೆ ತಡೆಯಲಾರದೆ ಬಾಯಿ ಹಾಕಿದರು. "ಕಿವುಡು ಬೆಕ್ಕು ಇಲಿ ಹಿಡಿಯತ್ತಾ?"

"ಹಿಡಿದ್ರೂ ಹಿಡೀಬಹುದು. ಕಿವಿ ಇರೋ ಬೆಕ್ಕುಗಳೇ ಎಷ್ಟೋ ಹಿಡಿಯಲ್ಲ ಅಜ್ಜಿ. ಮೊದಲು ಹಲಗೆ ಸಂದಿ ಮುಚ್ಚಿಸಿ." ಡಾಕ್ಟರಮ್ಮ ನಕ್ಕರು. "ಇವಳನ್ನ ಕರೀಬೇಕಾದ್ರೆ ಬಾಯಿಂದ ಕರೀಬೇಡಿ, ನೆಲ ತಟ್ಟಿ. ನೆಲದ ಅದುರು ಇವಳ ಅಂಗಾಲಿಗೆ ಗೊತ್ತಾಗತ್ತೆ."

ಮನೆಗೆ ಬಂದು ಟೈಲರಕ್ಕ ಯಂತ್ರದ ಮುಂದೆ ಕೂತಳು. ದೊರೆಸಾನಿ ಗೋಡೆಯಾಚೆ, ಹಿಂದಿನ ಕೋಣೆಯಲ್ಲಿತ್ತು. ಟೈಲರಕ್ಕ ಪೆಡಲು ತುಳಿದಳು. ಬೆಕ್ಕು ಬಾಗಿಲಲ್ಲಿ ಕಾಣಿಸಿಕೊಂಡಿತು. ಹತ್ತಿರ ಬಂದು ಯಂತ್ರದ ಕಬ್ಬಿಣದ ಕಾಲಿನ ಮೇಲೆ ಮುಂಗಾಲಿಟ್ಟು ಕಣ್ಣು ಅರೆಮುಚ್ಚಿತು. ತುಳಿತ ನಿಲ್ಲಿಸಿದರೆ ಕಣ್ಣು ತೆರೆದು ಅವಳ ಮುಖ ನೋಡಿತು. ಮತ್ತೆ ತುಳಿದರೆ ಮತ್ತೆ ಅರೆಮುಚ್ಚಿತು. ಇಷ್ಟು ವರ್ಷ ಟೈಲರಕ್ಕನಿಗೆ ಆ ತುಳಿತ ಬರೀ ಕೆಲಸದ ಸದ್ದಾಗಿತ್ತು. ಅದನ್ನೇ ಈ ಜೀವ ಕಿವಿಯ ಹಂಗಿಲ್ಲದೆ ಮೈಯೆಲ್ಲ ತುಂಬಿಕೊಳ್ಳುತ್ತಿದೆ ಎಂದು ಹೊಳೆದಾಗ ಅವಳ ಮೈ ಜುಮ್ಮೆಂದಿತು.

"ಹೊಟ್ಟೆ ಹಸಿದು ಬಂದಿರತ್ತೆ ಬಿಡು," ಎಂದರು ಅತ್ತೆ. ಆದರೂ ಅಡುಗೆಮನೆಗೆ ಹೋಗಿ, ಯಾರೂ ನೋಡುತ್ತಿಲ್ಲವೆಂದುಕೊಂಡು, ಊರುಗೋಲಿನಿಂದ ಹಲಗೆಯನ್ನು ಮೆಲ್ಲಗೆ ತಟ್ಟಿದರು. ಬೆಕ್ಕು ಯಂತ್ರ ಬಿಟ್ಟು ಅಡುಗೆಮನೆಗೆ ನಡೆದು, ಕೋಲಿನ ತುದಿಯನ್ನು ಮೂಸಿ, ಅವರ ಪಾದದ ಮೇಲೆ ಕೂತಿತು.

ಅತ್ತೆ ಕೆನ್ನೆಗೆ ಕೈ ಹಚ್ಚಿ ನಿಂತುಬಿಟ್ಟರು. "ಎರಡು ಕಿವಿ ಇರೋ ನನ್ನ ಮಗ ಕರೆದ್ರೆ ಬರಲ್ಲ. ಇದು ಬಂತಲ್ಲೆ."

ಇಷ್ಟಕ್ಕೇ ಮುಗಿಯಲಿಲ್ಲ. ವಾರ ಕಳೆಯುವ ಮೊದಲೇ ಕನ್ನಡಕದ ಕಾರ್ಯಕರ್ತೆ ಬುಟ್ಟಿ ಹಿಡಿದು ಬಂದರು. ಪಾಪ, ಬೆವೆತುಹೋಗಿದ್ದರು.

"ತಪ್ಪಾಗಿಬಿಟ್ಟಿದೆ ಅಕ್ಕ. ನಮ್ಮಲ್ಲಿ ಎರಡು ಬಿಳಿ ಬೆಕ್ಕಿದ್ವು. ಕಿವಿ ಕೇಳದ ಬೆಕ್ಕನ್ನ ಹಿಟ್ಟಿನ ಗಿರಣಿಯವರಿಗೆ ಅಂತ ಇಟ್ಟಿದ್ವಿ, ಅಲ್ಲಿನ ಸದ್ದು ಅದಕ್ಕೆ ತೊಂದರೆ ಕೊಡಲ್ಲ ಅಂತ. ಅದಲು ಬದಲಾಯ್ತು. ರಾಣಿ ಗಿರಣಿಗೆ ಹೋಗಿ ಮೂಟೆ ಹಿಂದೆ ಅಡಗಿ ಕೂತಿದ್ದಾಳೆ, ನೆಟ್ಟಗೆ ಅನ್ನ ಮುಟ್ಟಿಲ್ಲ. ಇದನ್ನ ಕೊಟ್ಬಿಡಿ, ಅವಳನ್ನ ನಿಮಗೆ ತಂದ್ಕೊಡ್ತೀನಿ."

ಟೈಲರಕ್ಕನಿಗೆ ಅವರು ಹೇಳುವುದು ನ್ಯಾಯವೇ ಅನ್ನಿಸಿತು, ಮನಸ್ಸು ಮಾತ್ರ ಒಪ್ಪಲಿಲ್ಲ. ಯಂತ್ರದ ಕಾಲಿಗೆ ಒತ್ತಿಕೊಂಡಿದ್ದ ಬೆಕ್ಕನ್ನು ಎತ್ತಿಕೊಳ್ಳಲು ಬಗ್ಗಿದಳು.

"ಅಲ್ಲೇ ಬಿಡೆ," ಎಂದರು ಅತ್ತೆ. ಕಾರ್ಯಕರ್ತೆಯ ಕೈ ಹಿಡಿದು ಯಂತ್ರದ ಕಬ್ಬಿಣದ ಮೇಲೆ ಇಡಿಸಿದರು. "ಈಗ ತುಳಿ."

ಟೈಲರಕ್ಕ ತುಳಿದಳು. ಕಾರ್ಯಕರ್ತೆಯ ಕೈ ಅದುರಿತು. ಪಕ್ಕದಲ್ಲೇ ಬೆಕ್ಕಿನ ಬಿಳಿ ಪಾದವೂ ಇತ್ತು.

"ಇವಳಿಗೆ ಲೋಕ ಬರೋದು ಈ ದಾರೀಲಿ ತಾಯಿ. ಇದು ಹೊಲಿಗೆ ಯಂತ್ರ, ಪಿಸುಮಾತು ಅಷ್ಟೇ. ಗಿರಣಿ ನೆಲ ಹೇಗೆ ಅದುರತ್ತೆ ಅಂತ ನಿಂತು ನೋಡಿದ್ದೀಯಾ? ದಿನವಿಡೀ ಯಾರೋ ಪಾದಕ್ಕೆ ಬಾಯಿಟ್ಟು ಕಿರುಚಿದ ಹಾಗಾಗಲ್ವಾ?"

ಕಾರ್ಯಕರ್ತೆ ಕೈ ತೆಗೆಯಲಿಲ್ಲ. ಕನ್ನಡಕದ ಹಿಂದೆ ಕಣ್ಣು ತುಂಬಿಕೊಂಡಿತು. "ನಾವು ಇದನ್ನ ಯೋಚನೇನೇ ಮಾಡಿರಲಿಲ್ಲ ಅಜ್ಜಿ," ಎಂದರು. ಅಲ್ಲಿಂದಲೇ ಡಾಕ್ಟರಮ್ಮನಿಗೆ ಫೋನ್ ಮಾಡಿದರು. ಗಿರಣಿ ಯಾವ ಬೆಕ್ಕಿಗೂ ತಕ್ಕ ಜಾಗವಲ್ಲ ಎಂದರು ಡಾಕ್ಟರಮ್ಮ. ಖಾಲಿ ಬುಟ್ಟಿ ಹಿಡಿದು ಕಾರ್ಯಕರ್ತೆ ಗಿರಣಿಯ ಕಡೆಗೆ ಓಡಿದರು. ಸಂಜೆಯೊಳಗೆ ರಾಣಿ ಗಿರಣಿಯಿಂದ ಹೊರಬಂತು, ಆಸ್ಪತ್ರೆಯಲ್ಲಿ ಹೊಟ್ಟೆ ತುಂಬ ತಿಂದಿತು. ಈಗ ಅದಕ್ಕೊಂದು ಸದ್ದಿಲ್ಲದ ಮನೆ ಹುಡುಕುತ್ತಿದ್ದಾರೆ. ನಿಮ್ಮದೇ ಯಾಕಾಗಬಾರದು?

ಅಕ್ಕಂದಿರೆ, ಅಣ್ಣಂದಿರೆ, ಬೀದಿಯ ಜೀವಕ್ಕೆ ಮನೆ ಕೊಡುವುದು ದೊಡ್ಡ ಕೆಲಸ, ಖಂಡಿತ ಮಾಡಿ. ಕಾಪಾಡುವ ಸಂಘದವರನ್ನು ಬೈಯಬೇಡಿ. ಕೈ ನಾಲ್ಕು, ಜೀವ ನಲವತ್ತು ಇರುವ ಕಡೆ ಎಡವಟ್ಟು ಆಗುತ್ತದೆ. ಆದರೆ ಒಬ್ಬೊಬ್ಬರು ಒಂದೊಂದು ಹೇಳಿದರೆ ತಲೆಯಾಡಿಸಿ ಬರಬೇಡಿ. ಬೆಕ್ಕಿನ ಜೊತೆ ಸ್ವಲ್ಪ ಹೊತ್ತು ಕೂತು ನೋಡಿ, ಅದನ್ನು ದಿನವೂ ಸಾಕಿದವರು ಯಾರೆಂದು ಪತ್ತೆ ಮಾಡಿ ಅವರ ಬಳಿಯೇ ಮಾತಾಡಿ, ಲಸಿಕೆ ಹಾಕಿದ ಆಸ್ಪತ್ರೆ ಯಾವುದೆಂದು ವಿಚಾರಿಸಿ. ಮನೆಗೆ ತಂದ ಮೇಲೆ ಹೊರಗೆ ಬಿಡುವ ಮೊದಲು ಪಶುವೈದ್ಯರಿಗೆ ತೋರಿಸಿ. ಸಂಕೋಚಪಟ್ಟು ನೀವು ನುಂಗಿಕೊಂಡ ಒಂದು ಪ್ರಶ್ನೆಗೆ ಬೆಲೆ ತೆರುವುದು ನೀವಲ್ಲ, ಬಾಯಿಲ್ಲದ ಆ ಜೀವ.