ದೇವಮೂಲೆಯ ತೂಕ

ತನ್ನ ಅಂಗಡಿಯಲ್ಲಿ ತೊಗರಿ ಚೀಲದ ಬಾಯಿ ಹೊಲಿಯುತ್ತ ಕೂತಿದ್ದ ಕಸ್ತೂರೆಮ್ಮ, ಆರ್ಜೂಳ ಸ್ಕೂಟಿ ಬಂದು ನಿಂತ ಮೇಲೂ ದಬ್ಬಣ ಕೆಳಗಿಡಲಿಲ್ಲ. ಎಲೆಕ್ಟ್ರಾನಿಕ್ ತಕ್ಕಡಿ ರಿಪೇರಿಗೆ ಮಸ್ಕಿಯ ಅಂಗಡಿಯವರೆಲ್ಲ ಕರೆಸುವುದು ಸಿಂಧನೂರಿನ ಈ ಹುಡುಗಿಯನ್ನೇ.

"ಏನಾಗೇತ್ರಿ ಅಮ್ಮಾರ ತಕ್ಕಡಿಗೆ?"

"ಹುಚ್ಚು ಹಿಡಿದೈತಿ ನೋಡವಾ. ಇದ ಚೀಲ ಒಮ್ಮೆ ಐವತ್ತು ಅಂತೈತಿ, ಎತ್ತಿ ಇಟ್ರ ನಲವತ್ತೆಂಟು ಅಂತೈತಿ. ಯಾವುದು ನಂಬಲಿ?"

ಈ ಕಾಟ ನಿನ್ನೆಯಿಂದ. ಮೊನ್ನೆ ಸುಣ್ಣ ಹೊಡೆಸುವಾಗ ತಕ್ಕಡಿಯನ್ನು ಎಳೆದಿಟ್ಟು, ಆಮೇಲೆ ಹಿಂದುಮುಂದಾಗಿ ತಿರುಗಿಸಿ ಕೂರಿಸಿದ್ದರು.

ತೂಕ ಕಮ್ಮಿ ಬಂದದ್ದು ಇದೇ ಮೊದಲೇನಲ್ಲ. ಗುರುಗುಂಟಾದ ಹುಸೇನಪ್ಪ ಇಲ್ಲಿ ಹನ್ನೆರಡು ವರ್ಷ ಹಮಾಲಿ ಮಾಡಿದ್ದ. ಕಡೆಕಡೆಗೆ ಅವನು ಇಳಿಸಿದ ಚೀಲಗಳಷ್ಟೇ ಕಮ್ಮಿ ಬರತೊಡಗಿದ್ದವು. ಒಂದು ದಿನ ಕಸ್ತೂರೆಮ್ಮ ನಾಲ್ಕು ಮಂದಿಯ ಮುಂದೆ "ಹೆಗಲ ಮ್ಯಾಲಿನ ಟವೆಲ್ಲು ಜಾಡಿಸಲೇ" ಅಂದುಬಿಟ್ಟಳು. ಜಾಡಿಸಿದ. ಧೂಳು ಬಿಟ್ಟರೆ ಏನೂ ಬೀಳಲಿಲ್ಲ. ಮರುದಿನದಿಂದ ಅವನು ಬರಲೇ ಇಲ್ಲ.

ಲಿಂಗಸುಗೂರಿನ ಹಮಾಲರ ಸಂಘ ಅವನನ್ನು ಸೇರಿಸಿಕೊಳ್ಳಲು ಹಳೇ ಮಾಲಕರ ಕಾಗದ ಕೇಳಿತ್ತು. ಮೂರು ತಿಂಗಳ ಹಿಂದೆ ಅವನು ಹೇಳಿ ಕಳಿಸಿದ್ದ. ಹೆಸರು, ಊರು, ದುಡಿದ ವರ್ಷ ಎಲ್ಲ ಬರೆದ ಕಸ್ತೂರೆಮ್ಮ 'ನಡತೆ' ಎಂಬಲ್ಲಿಗೆ ಬಂದು ಪೆನ್ನು ಮುಚ್ಚಿದ್ದಳು. ಅವನು ಹೋದ ಮೇಲೆ ಎಲ್ಲ ಚೀಲವೂ ಸರಿಯಾಗಿ ತೂಗಿದ್ದರಿಂದ ಕಾಗದ ಗಲ್ಲಾಪೆಟ್ಟಿಗೆಯಲ್ಲೇ ಉಳಿಯಿತು. ಅದಿಲ್ಲದೆ ಅವನಿಗೆ ಅಲ್ಲಿ ಕೆಲಸವಿಲ್ಲ.

ಆರ್ಜೂ ನೆಲ ಸಮ ಇದೆಯೇ ನೋಡಿದಳು. ಇಲಿ ಕಡಿದಿರಬಹುದೆಂದು ವೈರನ್ನು ಬೆರಳಲ್ಲಿ ಸವರಿಕೊಂಡು ಹೋದಳು. ಬ್ಯಾಟರಿ ಬದಲಿಸಿದಳು. ಎಲ್ಲ ಸರಿಯಿತ್ತು. ಆಮೇಲೆ ಇಪ್ಪತ್ತು ಕಿಲೋದ ಕಲ್ಲನ್ನು ಒಂದೊಂದೇ ಮೂಲೆಗೆ ಇಟ್ಟಳು. ಇಪ್ಪತ್ತು. ಇಪ್ಪತ್ತು. ಇಪ್ಪತ್ತು. ಬಾಗಿಲ ಕಡೆಯ ಮೂಲೆಗೆ ಇಟ್ಟಾಗ ಹದಿನೆಂಟೂವರೆ.

"ನಾಕು ಮೂಲಿಗೆ ನಾಕು ಸೆನ್ಸರ್ ಇರ್ತಾವ್ರಿ. ಮೂರು ಖರೇ ಹೇಳಾಕತ್ತಾವ. ಇದೊಂದು ಸುಳ್ಳ."

ಮೇಲಿನ ತಗಡು ಎತ್ತಿದಳು. ಸೆನ್ಸರಿನ ಲೋಹದ ಪಟ್ಟಿ ತುಸುವೇ ಬಾಗಿತ್ತು. ಸುತ್ತ ಒಣಗಿದ ಕುಂಕುಮ, ತೆಂಗಿನ ನಾರು.

"ಅಮ್ಮಾರ, ಇದರ ಮ್ಯಾಲೆ ಕಾಯಿ ಒಡೀತೀರೇನು?"

"ಪ್ರತಿ ಅಮಾಸಿಗೆ. ತಕ್ಕಡಿ ಪೂಜಿ ಬಿಡಾಕ ಆಗ್ತೈತೇನು? ದೇವಮೂಲಿ ನೋಡೇ ಒಡೀತೀನಿ."

"ದೇವರಿಗೂ ಮುಟ್ಟೈತ್ರಿ, ಸೆನ್ಸರಿಗೂ ಮುಟ್ಟೈತಿ."

ಕಸ್ತೂರೆಮ್ಮ ನಗಲು ಹೋಗಿ ನಿಲ್ಲಿಸಿದಳು. "ಸುಣ್ಣ ಹೊಡ್ಯಾಕಿಂತ ಮೊದಲ ಈ ಮೂಲಿ ಗ್ವಾಡಿ ಕಡೆ ಇತ್ತು," ಅಂದಳು ಮೆಲ್ಲಗೆ. "ಎಲ್ಲಾರೂ ಬಾಗಲಾ ಕಡೆ ಚೀಲ ಇಳಸ್ತಾರ. ಅವ ಎಡಚ. ಎಡ ಹೆಗಲ ಮ್ಯಾಲೆ ಹೊತ್ತು, ಸುತ್ತು ಹಾಕಿ ಬಂದು, ಗ್ವಾಡಿ ಕಡೇನ ಇಳಸ್ತಿದ್ದ."

"ಯಾರ್ರೀ?"

ಹೇಳಿದಳು. ಟವೆಲ್ಲಿನ ಮಾತನ್ನೂ ಬಿಡಲಿಲ್ಲ. ಆರ್ಜೂ ಹೊಸ ಸೆನ್ಸರ್ ಹಾಕಿ, ಸ್ಕ್ರೂ ಬಿಗಿದು, ಮತ್ತೆ ಕಲ್ಲಿಟ್ಟಳು. ನಾಲ್ಕೂ ಮೂಲೆ ಇಪ್ಪತ್ತು.

"ಫೋನ್ ಹಚ್ರಲಾ ಅವರಿಗೆ," ಅಂದಳು.

"ಫೋನಿನ್ಯಾಗ ಅವ ಒಬ್ಬನ ಕೇಳ್ತಾನ. ನಾ ಅಂದದ್ದು ನಾಕು ಮಂದಿ ಮುಂದ. ಸಂಘದಾಗ ಕಾಗದ ಎಲ್ಲಾರ ಮುಂದ ಓದ್ತಾರಂತ."

ಕಸ್ತೂರೆಮ್ಮ ಗಲ್ಲಾಪೆಟ್ಟಿಗೆಯಿಂದ ಕಾಗದ ತೆಗೆದಳು. 'ನಡತೆ' ಎಂಬಲ್ಲಿ ಒಂದೇ ಸಾಲಿನ ಜಾಗವಿತ್ತು. ಸಾಲದೆ ಹಾಳೆಯ ಅಂಚಿಗೂ ಹತ್ತಿಸಿ ಬರೆದಳು: 'ಹನ್ನೆರಡು ವರ್ಷದಲ್ಲಿ ಈತನಿಂದ ಒಂದು ಕಾಳೂ ಕಮ್ಮಿಯಾಗಿಲ್ಲ. ಕಮ್ಮಿ ತೋರಿಸಿದ್ದು ನನ್ನ ತಕ್ಕಡಿ. ಅದನ್ನು ಕೆಡಿಸಿದ್ದು ನನ್ನ ಕೈ. ನಾಲ್ಕು ಜನರೆದುರು ಈತನ ಟವೆಲ್ಲು ಜಾಡಿಸಲು ಹೇಳಿದ್ದು ನನ್ನ ತಪ್ಪು. ಇದನ್ನು ಎಲ್ಲರಿಗೂ ಕೇಳುವಂತೆ ಓದಬೇಕು.'

ಅಂಗಡಿಯ ಶಟರ್ ಅರ್ಧ ಎಳೆದು ಅಂಚೆ ಕಚೇರಿಗೆ ನಡೆದಳು.

"ಸಾದಾನೋ ಸ್ಪೀಡ್ ಪೋಸ್ಟೋ, ಅಮ್ಮಾರ?" ಗುಮಾಸ್ತ ಕೇಳಿದ.

"ಮೂರು ತಿಂಗಳು ನಾನ ತಡಾ ಮಾಡೀನಪ್ಪ. ಇನ್ನ ನೀ ಮಾಡಬ್ಯಾಡ."

ಅವನು ಲಕೋಟೆ ತೂಗಿ, ಠಸ್ಸೆ ಹೊಡೆದು, ಲಿಂಗಸುಗೂರಿನ ಚೀಲಕ್ಕೆ ಹಾಕಿದ.